ನಿಂತ ಶಿಳ್ಳೆ

“ಟರ್ಬೈನ್ ಓಡ್ತಾ ಇದೆ ಪುಟ್ಟೀ, ಶಿಳ್ಳೆ ಇದ್ಯಾ ಹೇಳು!” ಎಂಜಿನಿಯರ್ ಬೀಗುತ್ತ ಹಿಂತಿರುಗಿ ನೋಡಿದ. ಹಿಂದಿನ ಸೀಟಿನಲ್ಲಿ ಮಗಳು ಎರಡೂ ಕಿವಿ ಮುಚ್ಚಿಕೊಂಡಿದ್ದಳು.

ಕಾರಿನ ಬ್ಯಾಟರಿ ತುಂಬಿಸುವ ಆ ಪುಟ್ಟ ಟರ್ಬೈನಿನ ಹಾಳು ಶಿಳ್ಳೆ ಅಡಗಿಸಲು ಅವನು ವರ್ಷಗಟ್ಟಲೆ ಹೆಣಗಿದ್ದ. ಎಲ್ಲಿಂದ ಹುಟ್ಟುತ್ತದೆಂದು ಪತ್ತೆ ಹಚ್ಚಲು ಕಿವಿಗವಸು ತೆಗೆದಿಟ್ಟು, ಟರ್ಬೈನಿನ ಪಕ್ಕದಲ್ಲೇ ತಲೆಯಿಟ್ಟು ಆಲಿಸಿದ್ದ. ದಿನೇದಿನೇ ತಗ್ಗುತ್ತ ಬಂದ ಶಿಳ್ಳೆ ಈಚೆಗೆ ನಿಂತೇಹೋಗಿತ್ತು. “ಗೆದ್ವಿ!” ಎಂದು ಅವನು ಕುಣಿದಾಗ, ಕಿವಿಗವಸು ಹಾಕಿಕೊಂಡೇ ಇದ್ದ ಲ್ಯಾಬಿನವರೆಲ್ಲ ಹೌದೆಂದು ತಲೆಯಾಡಿಸಿದ್ದರು.

“ಆಟ ಸಾಕು, ಕಣ್ಣು ಮುಚ್ಕೋ,” ಎಂದ. ಮೆಲ್ಲಗೆ ಟರ್ಬೈನಿನ ಸ್ವಿಚ್ ಆರಿಸಿದ. ಅವಳ ಕೈಗಳು ನಿಧಾನಕ್ಕೆ ಕೆಳಗಿಳಿದವು. ಮತ್ತೆ ಹಾಕಿದ. ಕೈಗಳು ತಟ್ಟನೆ ಕಿವಿಗೇರಿದವು.

“ಅಪ್ಪಾ, ನಿಲ್ಸು!” ಎಂದು ಚೀರಿದಳು.

ಅವನಿಗೆ ಕೇಳಿಸಿದ್ದು ಅದೊಂದೇ.