ಎಡಗಿವಿಯ ಹಿಂದೆ

2011ರ ಮಾರ್ಚ್ 9, ಬುಧವಾರ, ಬೆಳಿಗ್ಗೆ 9 ಗಂಟೆ 40 ನಿಮಿಷ. ಅಮೃತಶಿಲೆಯ ರೈತ ಹುಡುಗಿ ಮೂರು ತಿಂಗಳ ನಂತರ ಮ್ಯೂಸಿಯಂಗೆ ಮರಳಿದಳು. ಹತ್ತೊಂಬತ್ತನೆಯ ಶತಮಾನದ, ತಲೆಯಿಂದ ಎದೆಯವರೆಗಿನ ಶಿಲ್ಪ. ತಲೆಗೆ ಬಟ್ಟೆ ಕಟ್ಟಿದ ಮುಖ. ಪೆಟ್ಟಿಗೆಯ ಹುಲ್ಲು ಸರಿಸಿದ ಕ್ಯುರೇಟರ್‌ಗೆ ಬಿಳುಪು ಸ್ವಲ್ಪ ಹೆಚ್ಚೇ ಆಯಿತೆನಿಸಿತು.

"ಏನತ್ತಿಗೆ, ಕಳೆದುಹೋದ ಮಗು ಸಿಕ್ಕಿದ ಹಾಗೆ ತಡವ್ತಿದ್ದೀರಲ್ಲ!" ಎಂದ ಮೈದುನ. ಹಳೆಯ ಶಿಲ್ಪಗಳನ್ನು ಶುಚಿಮಾಡುವುದು ಅವನ ಕಸುಬು. ಈ ಕೆಲಸ ಅವನಿಗೆ ಕೊಡಿಸಿದವಳೂ, ಏನಾದರೂ ಆದರೆ ಹೊಣೆ ನನ್ನದು ಎಂದು ನಿರ್ದೇಶಕರೆದುರು ಹೇಳಿದವಳೂ ಅವಳೇ.

"ಮಗು ನಮ್ಮದೇನಾ ಅಂತ ನೋಡ್ತಿದ್ದೀನಿ."

"ನೂರೈವತ್ತು ವರ್ಷದ ಕೊಳೆ ತೆಗೆದ್ರೆ ಯಾರಾದ್ರೂ ಬೆಳ್ಳಗಾಗ್ತಾರೆ. ಸಹಿ ಹಾಕಿ ಅತ್ತಿಗೆ, ವ್ಯಾನಿನವನು ಬೈತಿದ್ದಾನೆ."

ಮೂಗಿನ ತುದಿಯ ಚಕ್ಕೆ ಎದ್ದ ಗುರುತು ಇತ್ತು. ಗಲ್ಲದ ಕೂದಲೆಳೆಯ ಬಿರುಕೂ ಇತ್ತು. ಸಮಾಧಾನವಾಗಬೇಕಿತ್ತು. ಆದರೆ ಬಂದ ತಕ್ಷಣ ಕಾಫಿ ಕೇಳುವವನು ಇಂದು ಇನ್ನೂ ಕುಳಿತಿರಲಿಲ್ಲ.

ಹೊರಗೆ ಹೋಗುವ ಪ್ರತಿ ಶಿಲ್ಪಕ್ಕೂ ಅವಳು ಯಾರ ಕಣ್ಣಿಗೂ ಬೀಳದ ಕಡೆ ಬಿಳಿ ಮೇಣದ ಒಂದು ಗುಂಡು ಅಂಟಿಸುತ್ತಿದ್ದಳು, ನಾಲ್ಕು ಮಿಲಿಮೀಟರಿನದು. ಇದು ಅವಳ ಗಂಡನಿಗೂ ಗೊತ್ತಿರಲಿಲ್ಲ. ಈ ಹುಡುಗಿಗೆ ಅಂಟಿಸಿದ್ದು ಎಡಗಿವಿಯ ಹಿಂದೆ, ಬಟ್ಟೆಯ ಮಡಿಕೆಯೊಳಗೆ. ಸರಿಯಾಗಿ ತೊಳೆದಿದ್ದರೆ ಮೇಣ ಹೋಗಿರಬೇಕು; ತೊಳೆಯದೆಯೇ ತೊಳೆದೆ ಎನ್ನುವ ಕಳ್ಳಾಟವಾದರೆ ಇನ್ನೂ ಅಲ್ಲೇ ಇರಬೇಕು, ಉಗುರು ತಾಗಿಸಿದರೆ ಏಳಬೇಕು. ಅವಳು ಯೋಚಿಸಿದ್ದು ಈ ಎರಡನ್ನೇ.

ಬೆರಳಿಗೆ ಗುಂಡು ಸಿಕ್ಕಿತು. ಕೆರೆದಳು. ಮುರಿದದ್ದು ಉಗುರು.

"ಇದೇನೋ ಇದು?"

ಅವನು ಬಗ್ಗಿ ನೋಡಿ ನಕ್ಕ. "ಅದಾ? ಬಟ್ಟೆಗೆ ಗುಂಡಿ ಇರಬೇಕು. ಮೊದಲಿಂದ್ಲೂ ಇತ್ತಲ್ಲ ಅತ್ತಿಗೆ! ಒಂದು ಚೂರೂ ಹೆಚ್ಚುಕಮ್ಮಿ ಆಗಬಾರದು ಅಂತ ನೀವೇ ತಾನೆ ಹೇಳಿದ್ದು?"

ಟಾರ್ಚಿನ ಬೆಳಕು ಬಿಟ್ಟಳು. ಮಡಿಕೆಯಿಂದ ಗುಂಡಿನವರೆಗೆ ಎಲ್ಲೂ ಅಂಟಿಸಿದ ಗೆರೆಯಿಲ್ಲ; ಸಕ್ಕರೆಯಂತೆ ಮಿನುಗುವ ಅದೇ ಹರಳು, ಒಂದೇ ಕಲ್ಲು. ಮೇಣವಿದ್ದ ಜಾಗದಲ್ಲಿ ಗುಂಡನ್ನು ಶಿಲ್ಪದ ಜೊತೆಗೇ ಕೆತ್ತಲಾಗಿತ್ತು.

"ಪೆನ್ನು ಬೇಕಾ?" ಎಂದ ಮೈದುನ. ಮುಚ್ಚಳ ತೆಗೆದು ಅವನೇ ಚಾಚಿದ.

ಅವಳು ಪೆನ್ನು ತೆಗೆದುಕೊಳ್ಳಲಿಲ್ಲ. ಮೇಜಿನ ಡ್ರಾಯರಿನಿಂದ ದಪ್ಪ ಅಳೆಯುವ ಕ್ಯಾಲಿಪರ್ ತೆಗೆದು, ಅದರ ಎರಡು ತುದಿಗಳನ್ನು ಗುಂಡಿನ ಅಂಚಿಗೆ ಹಿಡಿದು ಓದಿದಳು.

ನಾಲ್ಕು ಮಿಲಿಮೀಟರ್.