ಮಗಳಿಗೆ ಗೊತ್ತುಂಟಾ?

ರುಖಿಯಮ್ಮನ ಮನೆಗೆ ಬೀಗ ಬಿದ್ದಿತ್ತು. ಲಕ್ವ ಹೊಡೆದ ಗಂಡನನ್ನು ಮಂಗಳೂರಿಗೆ ಕರೆದುಕೊಂಡು ಹೋಗಿದ್ದಾರೆ ಎಂದು ಬೇಲಿಯಾಚೆಯಿಂದ ಯಾರೋ ಹೇಳಿದರು. ಆಷ್ಲಿ ಕೈಯಲ್ಲಿದ್ದ ಫಾರಂ ಮಡಚಿ ಅಂಗಳದಲ್ಲೇ ಸ್ವಲ್ಪ ಹೊತ್ತು ನಿಂತಳು. ನಾಳೆ ಹನ್ನೊಂದಕ್ಕೆ ಪುತ್ತೂರಿನಲ್ಲಿ ಸಂದರ್ಶನ. ಹಾಸಿಗೆ ಹಿಡಿದವರನ್ನು ನೋಡಿಕೊಳ್ಳುವ ಮನೆಗಳ ಬಗ್ಗೆ ಒಂದು ಅಧ್ಯಯನ, ಅದಕ್ಕೆ ಸಂಶೋಧನಾ ಸಹಾಯಕರು ಬೇಕಾಗಿದ್ದರು. ಅಂಥ ಒಂದು ಮನೆಗೆ ಹೋಗಿ, ಈ ನಲವತ್ತು ಪ್ರಶ್ನೆ ಕೇಳಿ, ಉತ್ತರ ತುಂಬಿಸಿಕೊಂಡು ಬರಬೇಕು, ಮನೆಯವರ ಹೆಸರು ಬರೆಯಬಾರದು ಎಂದು ಪತ್ರದಲ್ಲಿತ್ತು. ಸ್ವಂತ ಮನೆ ಆಗುತ್ತದೋ ಇಲ್ಲವೋ, ಅದು ಮಾತ್ರ ಎಲ್ಲೂ ಇರಲಿಲ್ಲ.

ಮನೆಗೆ ಬಂದು ವಿಷಯ ಹೇಳಿದಾಗ ತಾಯಿ ಸಾಲಿ ರಬ್ಬರ್ ಶೀಟುಗಳನ್ನು ಹಗ್ಗಕ್ಕೆ ಹರವುತ್ತಿದ್ದಳು.

"ಅದಕ್ಕೆ ಇಚಿಲಂಪಾಡಿ ಇಡೀ ಸುತ್ತಬೇಕಾ? ನನ್ನನ್ನೇ ಕೇಳು. ಆರು ವರ್ಷದಿಂದ ನೋಡಿಕೊಳ್ಳುವವಳು ನಾನಲ್ವಾ?"

ಆರು ವರ್ಷದ ಹಿಂದೆ ಅಡಿಕೆ ಮರದಿಂದ ಬಿದ್ದ ಅಣ್ಣ ಬಿಬಿನ್‌ಗೆ ಸೊಂಟದಿಂದ ಕೆಳಗೆ ಬಲವಿಲ್ಲ. ಅಪ್ಪ ಮತ್ತಾಯಿ ಅದಕ್ಕೂ ಮೊದಲೇ ತೀರಿಕೊಂಡಿದ್ದರು. ಒಳಕೋಣೆಯ ಮಂಚದಿಂದ ಬಿಬಿನ್ ತಂಗಿಗೆ ಕೂಗಿ ಹೇಳಿದ, "ಪೇಶೆಂಟ್ ನೋಡಲಿಕ್ಕೆ ಚಂದ ಇದ್ದಾನೆ ಅಂತ ಬರಿ, ಮೋಳೆ."

ತಾಯಿ ಮಗಳು ಮೆಟ್ಟಿಲ ಮೇಲೆ ಕುಳಿತರು. ಮನೆಯೊಳಗೆ ಅವರದು ಮಲಯಾಳ. ಆದರೆ ಫಾರಂ ಕನ್ನಡದಲ್ಲಿತ್ತು, ಆಷ್ಲಿ ಕನ್ನಡದಲ್ಲೇ ಓದಿದಳು. ಸಾಲಿಯೂ ಸೊಸೈಟಿಯಲ್ಲಿ, ಆಸ್ಪತ್ರೆಯಲ್ಲಿ ಆಡುವ ಕನ್ನಡಕ್ಕೆ ತಿರುಗಿ, ಬೆನ್ನು ನೆಟ್ಟಗೆ ಮಾಡಿಕೊಂಡು ಕುಳಿತು, ಸ್ವಂತ ಮಗಳನ್ನು ಮೇಡಂ ಎಂದಳು. ಆಷ್ಲಿಗೆ ನಗು ತಡೆಯಲಾಗಲಿಲ್ಲ.

"ದಿನಕ್ಕೆ ಎಷ್ಟು ಗಂಟೆ ಇವರ ಆರೈಕೆ ಮಾಡುತ್ತೀರಿ?"

"ಗಂಟೆ ಎಲ್ಲ ಗೊತ್ತಿಲ್ಲ ಮೇಡಂ. ರಬ್ಬರ್ ಟ್ಯಾಪಿಂಗಿಗೆ ಹೋಗುವ ಮೊದಲು ಒಮ್ಮೆ ಮಗ್ಗುಲು ತಿರುಗಿಸುದು. ಬಂದು ಮೈ ಒರಸುದು. ಮತ್ತೆ ಇಡೀ ದಿನ ಉಂಟಲ್ಲ."

ಹೀಗೇ ಮೂವತ್ತೇಳು ಪ್ರಶ್ನೆಗಳು ಮುಗಿದವು. ಮೂವತ್ತೆಂಟನೆಯದನ್ನು ಆಷ್ಲಿ ಅದೇ ಓಟದಲ್ಲಿ ಓದಿಬಿಟ್ಟಳು. "ನಿಮ್ಮ ನಂತರ ಇವರನ್ನು ನೋಡಿಕೊಳ್ಳುವವರು ಯಾರು?"

"ಮಗಳಿದ್ದಾಳೆ," ಎಂದಳು ಸಾಲಿ.

ಆಷ್ಲಿಯ ಪೆನ್ನು ನಿಂತಿತು. ನಿನ್ನ ದಾರಿ ನೀನು ನೋಡು, ಬಿಬಿನ್‌ಗೆ ನಾನಿದ್ದೇನೆ ಎಂದು ಹೇಳಿ ಹೇಳಿಯೇ ಅವಳನ್ನು ಎಂಎಸ್‌ಡಬ್ಲ್ಯೂವರೆಗೆ ಓದಿಸಿದವಳು ಇದೇ ತಾಯಿ, ಅವಳ ಅಮ್ಮಚ್ಚಿ. ಆಷ್ಲಿ ಮುಂದೆ ಕೇಳಿದ್ದು ಫಾರಂನಲ್ಲಿ ಇರಲಿಲ್ಲ.

"ಮಗಳಿಗೆ ಗೊತ್ತುಂಟಾ?"

"ಇಲ್ಲ. ಹೇಳಲಿಲ್ಲ. ಹೇಳಿದ್ರೆ ಅವಳು ನಾಳೆ ಇಂಟರ್‌ವ್ಯೂಗೇ ಹೋಗ್ಲಿಕ್ಕಿಲ್ಲ."

ಒಳಗೆ ಬಿಬಿನ್ ಮೊಬೈಲಿನ ಸದ್ದು ಜೋರು ಮಾಡಿದ. ಸಾಲಿ ಮಗಳ ಮುಖ ನೋಡದೆ ಫಾರಂ ಕಡೆಗೆ ಗದ್ದ ಚಾಚಿ, "ಮುಂದಿನದ್ದು ಕೇಳಿ," ಎಂದಳು.

ಮಧ್ಯಾಹ್ನ ಊಟಕ್ಕೆ ಕುಳಿತಾಗ ಸಾಲಿ ಮಲಯಾಳಕ್ಕೆ ಮರಳಿದ್ದಳು. ಇನ್ನೊಂದು ತುಂಡು ಮೀನು ಹಾಕಲೇ ಎಂದು ಕೇಳಿದಳು. ಮಗಳಿದ್ದಾಳೆ ಎಂದು ಆಕೆ ಹೇಳಿದ್ದು ಫಾರಂಗೋ, ತನಗೋ ಎಂದು ಆಷ್ಲಿ ಯೋಚಿಸಿದಳು. ತನಗೇ ಆದರೆ ಒಪ್ಪಿಗೆ ಕೇಳಿದ್ದೋ, ತೀರ್ಮಾನ ತಿಳಿಸಿದ್ದೋ? ಮನೆಭಾಷೆಯಲ್ಲಿ ಕೇಳಿಬಿಡೋಣ ಎಂದು ಆಷ್ಲಿ ಎರಡು ಸಲ ಬಾಯಿ ತೆರೆದಳು. ಎರಡು ಸಲವೂ ಅನ್ನದ ತುತ್ತನ್ನೇ ಇಟ್ಟುಕೊಂಡಳು. ಬಿಬಿನ್‌ಗೆ ಊಟ ಕೊಡಲು ಹೋದಾಗ ಅವನೇ ಆ ವಿಷಯ ಎತ್ತಿದ.

"ತಲೆಗೆ ಹಚ್ಚಿಕೊಳ್ಬೇಡ. ಕೇಳಿದ್ರು, ಹೇಳಿದ್ಲು, ಅಷ್ಟೆ."

"ನೀನೆಂತ ಹೇಳ್ತಿ, ಚೇಟಾ?"

"ಅದು ನನ್ನನ್ನು ಕೇಳುವ ಫಾರಂ ಅಲ್ಲ," ಎಂದು ಅವನು ತಟ್ಟೆಯನ್ನು ಹತ್ತಿರಕ್ಕೆ ಎಳೆದುಕೊಂಡ.

ಸಂದರ್ಶನದಲ್ಲಿ ಮೂವರಿದ್ದರು. ಬಾಯಿಪಾಠ ಮಾಡಿದ್ದನ್ನೆಲ್ಲ ಆಷ್ಲಿ ಸರಿಯಾಗಿಯೇ ಹೇಳಿದಳು. ಕೊನೆಗೆ ನಡುವೆ ಕುಳಿತ ಮೇಡಂ ಫಾರಂ ಎತ್ತಿಕೊಂಡು ಒಂದೊಂದೇ ಪುಟ ತಿರುವಿದರು. ಅವರ ಬೆರಳು ಒಂದು ಕಡೆ ನಿಂತಿತು.

"ಇಲ್ಲಿ ಪಕ್ಕದಲ್ಲಿ 'ಮಗಳಿಗೆ ತಿಳಿಸಿಲ್ಲ' ಅಂತ ಬರೆದಿದ್ದೀರಿ. ಇದು ನಮ್ಮ ಪ್ರಶ್ನೆಯಲ್ಲ. ನೀವೇ ಕೇಳಿದ್ದಾ?"

"ಹೌದು ಮೇಡಂ."

"ನಮಗೆ ಹೊಳೆದೇ ಇರಲಿಲ್ಲ ನೋಡಿ," ಎಂದು ಅವರು ಪಕ್ಕದವರಿಗೆ ತೋರಿಸಿದರು. "ಆ ಹುಡುಗಿ ಆಗ ಮನೆಯಲ್ಲಿದ್ದಳಾ?"

ಅದು ನಮ್ಮದೇ ಮನೆ ಎಂದು ಹೇಳಿಬಿಡಲೇ ಎನಿಸಿತು ಆಷ್ಲಿಗೆ. ಹೇಳಿದರೆ ಕೆಲಸ ಹೋಗುತ್ತದೋ, ಹೇಳದಿದ್ದರೆ ಮೋಸವಾಗುತ್ತದೋ ತಿಳಿಯಲಿಲ್ಲ. "ಇದ್ದಳು ಮೇಡಂ," ಎಂದಳು.

"ಮತ್ತೆ? ಅವಳೇನು ಹೇಳಿದಳು?"

"ಅವಳಿಗೆ ಎಂತ ಹೇಳುದು ಅಂತ ಗೊತ್ತಾಗ್ಲಿಲ್ಲ."

ಮೇಡಂ ಫಾರಂ ಮೇಲೆ ಪೆನ್ಸಿಲಿನಿಂದ ಏನೋ ಗುರುತು ಹಾಕಿ, ಉಳಿದಿಬ್ಬರ ಕಡೆ ನೋಡಿದರು. ಇಬ್ಬರೂ ತಲೆಯಾಡಿಸಿದರು.

"ಒಂದನೇ ತಾರೀಕಿನಿಂದ ಕೆಲಸಕ್ಕೆ ಬನ್ನಿ. ಅದಕ್ಕೆ ಮೊದಲು ಆ ಮನೆಗೆ ಇನ್ನೊಮ್ಮೆ ಹೋಗಿ, ಮಗಳನ್ನು ಕೂರಿಸಿಕೊಂಡು ಕೇಳಿ. ಅವಸರ ಮಾಡಬೇಡಿ." ಫಾರಂ ಹಿಂದಕ್ಕೆ ಕೊಡುತ್ತಾ ಅವರು ವಿಚಾರಿಸಿದರು, "ದೂರವಾ ಆ ಮನೆ?"

"ಬಸ್ಸಲ್ಲಿ ಒಂದೂವರೆ ಗಂಟೆ ಮೇಡಂ," ಎಂದಳು ಆಷ್ಲಿ.