ಹನ್ನೆರಡು ವರ್ಷ ಚಿಕ್ಕವಳು

"ವಯಸ್ಸು ನಲವತ್ತೊಂಬತ್ತು. ಸರಿ ತಾನೆ ಅಮ್ಮಾ?" ಎಂದು ಕೇಳಿದ ಡಾಕ್ಟರ ಬೆರಳು ಕಂಪ್ಯೂಟರಿನ ಗುಂಡಿಯ ಮೇಲೆ ನಿಂತಿತ್ತು. ಮೇಜಿನಡಿ ಅಮ್ಮ ಪಕ್ಕದಲ್ಲಿ ಕೂತಿದ್ದ ಮಗನ ಪಾದವನ್ನು ಬಲವಾಗಿ ತುಳಿದಳು. ಬಾಯಿ ಬಿಡಬೇಡ ಎಂದು ಅದರ ಅರ್ಥ. ಇದೇ ಆಸ್ಪತ್ರೆಯಲ್ಲಿ ನೆಲ ಒರೆಸಲು ಸೇರುವಾಗ ಅವಳು ಕೆಲಸದ ಕಾರ್ಡಿನಲ್ಲಿ ವಯಸ್ಸನ್ನು ಹನ್ನೆರಡು ವರ್ಷ ಇಳಿಸಿ ಬರೆಸಿದ್ದಳು. ಅರವತ್ತು ದಾಟಿದವರನ್ನು ಇಲ್ಲಿ ಒಂದು ದಿನವೂ ಇಟ್ಟುಕೊಳ್ಳುತ್ತಿರಲಿಲ್ಲ.

"ಸರಿ ಮೇಡಂ," ಎಂದಳು ಅಮ್ಮ.

"ಸಾವಿರಾರು ಹೆಂಗಸರ ರಿಪೋರ್ಟ್ ಓದಿ ಕಲಿತಿರೋ ಪ್ರೋಗ್ರಾಂ ಇದು. ನಿಮ್ಮ ವಯಸ್ಸು, ಎದೆಯ ಗಂಟಿನ ಪರೀಕ್ಷೆ ಎಲ್ಲಾ ನೋಡಿ ಯಾವ ಚಿಕಿತ್ಸೆ ನಿಮಗೆ ಒಗ್ಗುತ್ತೆ ಅಂತ ಹೇಳುತ್ತೆ. ಆಮೇಲೆ ನಾನು ತೀರ್ಮಾನ ಮಾಡ್ತೀನಿ."

ಮಗ ಪರದೆಯನ್ನೇ ನೋಡಿದ. ಈ ಯಂತ್ರ ಇನ್ಯಾವಳೋ ನಲವತ್ತೊಂಬತ್ತರ ಹೆಂಗಸಿಗೆ ಮದ್ದು ಹುಡುಕುತ್ತದೆ, ಅದನ್ನು ತಂದು ಇವಳ ನರಕ್ಕೆ ಏರಿಸುತ್ತಾರೆ. ನಿಜ ಹೇಳಿದರೆ ಅವಳ ಕೆಲಸ ಹೋಗುತ್ತದೆ. ಹೇಳದಿದ್ದರೆ? ಅಮ್ಮನ ಹಿಮ್ಮಡಿ ಇನ್ನಷ್ಟು ಒತ್ತಿತು.

"ಸುಳ್ಳು ಮೇಡಂ! ಅರವತ್ತೊಂದು!" ಅವನ ದನಿ ಒಡೆಯಿತು. "ಅಲ್ಲಮ್ಮಾ, ಔಷಧಿ ಹೋಗೋದು ನಿನ್ನ ಮೈಗೆ, ನಿನ್ನ ಕಾರ್ಡಿಗಲ್ಲ!"

"ನಾನು ಹನ್ನೆರಡು ವರ್ಷ ಚಿಕ್ಕವಳಾಗಿದ್ರೆ ನಿನಗ್ಯಾಕೋ ಹೊಟ್ಟೆಕಿಚ್ಚು?" ಎಂದು ಅಮ್ಮ ನಗಲು ನೋಡಿದಳು.

ಡಾಕ್ಟರು ಹಳೆಯ ಅಂಕಿ ಅಳಿಸಿ ಹೊಸದನ್ನು ಒತ್ತಿದರು. ಪರದೆಯ ಮೇಲೆ ಸಣ್ಣ ಚಕ್ರವೊಂದು ತಿರುಗತೊಡಗಿತು. ಅಮ್ಮ ಮಗನ ಪಾದದ ಮೇಲಿಂದ ಕಾಲು ತೆಗೆದಳು. ಕೊರಳಲ್ಲಿದ್ದ ಕೆಲಸದ ಕಾರ್ಡನ್ನು ಬಿಚ್ಚಿ, ಸೆರಗಿನಿಂದ ಒರೆಸಿ, ಮೇಜಿನ ಮೇಲೆ ಇಟ್ಟಳು.